ಚಿಗರಿ ಜಿಗಿದಾಗ ಸೆಕೆಂಡಿಗೆ ಹತ್ತು ಚಿತ್ರ

ಸವಡಿ, ರೋಣ, ನರಗುಂದ ಕಡೆಯ ಎರಿ ಹೊಲಗಳಲ್ಲಿ ಹಿಂಗಾರಿ ಕಡಲೆ ಚಿಗುರುವ ಹೊತ್ತಿಗೆ ಚಿಗರಿಗಳ ಹಿಂಡು ಇಳಿಯುತ್ತದೆ. ರೈತರಿಗೆ ಅದು ಬೆಳೆ ಕಳೆಯುವ ಕಾಟ. ಆದರೂ ಗಾಬರಿಯಾದ ಚಿಗರಿ ನಾಲ್ಕೂ ಕಾಲು ಮಡಚಿ ಚಿಮ್ಮುವುದನ್ನು ಕಂಡವರು ಆ ನೋಟವನ್ನು ಮರೆಯುವುದಿಲ್ಲ. ಅದನ್ನು ಚಿತ್ರದಲ್ಲಿ ಹಿಡಿಯಲು ಬಹುತೇಕರು ನೆಚ್ಚುವುದು ಕ್ಯಾಮೆರಾದ ಬರ್ಸ್ಟ್ ಮೋಡನ್ನು: ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಸೆಕೆಂಡಿಗೆ 10, 20 ಚಿತ್ರಗಳು ಬರುತ್ತಲೇ ಇರುತ್ತವೆ.

ಬರ್ಸ್ಟ್ ಹಾಕಿದರೆ ಚಿತ್ರ ಮಸುಕಾಗುವುದಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. ಚಿಗರಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಶಟರ್ ಸೆಕೆಂಡಿನ 250ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲೇ ಪ್ರಾಣಿ 9 ಸೆಂ.ಮೀ. ಸರಿದಿರುತ್ತದೆ. 2000ನೇ ಒಂದು ಭಾಗಕ್ಕೆ ಇಳಿಸಿದರೆ ಸರಿಯುವುದು ಒಂದೇ ಸೆಂ.ಮೀ. ಮಸುಕನ್ನು ತಡೆಯುವುದು ಈ ಶಟರ್ ವೇಗ. ಬರ್ಸ್ಟ್ ಕೊಡುವುದು ಆಯ್ಕೆಯನ್ನಷ್ಟೇ. ಸೆಕೆಂಡಿಗೆ 10 ಚಿತ್ರ ತೆಗೆದರೂ ಒಂದಕ್ಕೂ ಇನ್ನೊಂದಕ್ಕೂ ನಡುವೆ ಚಿಗರಿ ಎರಡು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಈ ಎರಡು ಲೆಕ್ಕಗಳನ್ನು 1882ರಲ್ಲೇ ಬೇರೆ ಬೇರೆ ಇಟ್ಟಿದ್ದ. ಹಕ್ಕಿಗಳ ಹಾರಾಟ ಅರಿಯಲು ಅವನು ಕಟ್ಟಿದ ಬಂದೂಕಿನಾಕಾರದ ಕ್ಯಾಮೆರಾ ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಪ್ರತಿ ಚಿತ್ರಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ನೇ ಒಂದು ಭಾಗ ಮಾತ್ರ.

ಜಿಗಿತದ ವಿಷಯದಲ್ಲಿ ಗುರುತ್ವವೇ ನಮ್ಮ ನೆರವಿಗೆ ಬರುತ್ತದೆ. ಒಂದೂವರೆ ಮೀಟರ್ ಎತ್ತರಕ್ಕೆ ಚಿಮ್ಮಿದ ಚಿಗರಿ ಗಾಳಿಯಲ್ಲಿರುವುದು ಸುಮಾರು 1.1 ಸೆಕೆಂಡ್. ಮೇಲೇರಿದಂತೆ ಅದರ ಏರುವ ವೇಗ ಕುಗ್ಗುತ್ತದೆ, ತುದಿಯಲ್ಲಿ ಸೊನ್ನೆಯಾಗುತ್ತದೆ. ಹಾಗಾಗಿ ಜಿಗಿತದ ಅರ್ಧ ಸಮಯ ಕಳೆಯುವುದು ಎತ್ತರದ ಮೇಲಿನ ಕಾಲು ಭಾಗದಲ್ಲೇ! ಸೆಕೆಂಡಿಗೆ 10ರ ಲೆಕ್ಕದಲ್ಲಿ ಐದಾರು ಚಿತ್ರಗಳು ಅಲ್ಲೇ ಸಿಗುತ್ತವೆ. ಇದಕ್ಕೆ 30 ಚಿತ್ರದ ದುಬಾರಿ ಕ್ಯಾಮೆರಾ ಬೇಕೇ ಬೇಕೆಂದು ನನಗನಿಸುವುದಿಲ್ಲ.

ಹೆಚ್ಚು ಕಾಡುವುದು ಬಫರ್. 2.4 ಕೋಟಿ ಪಿಕ್ಸೆಲ್‌ಗಳ, 14 ಬಿಟ್‌ನ ಒಂದು ರಾ (ಸಂಸ್ಕರಿಸದ) ಚಿತ್ರ ಕುಗ್ಗಿಸದೆ ಇಟ್ಟರೆ 42 ಮೆಗಾಬೈಟ್. ಹತ್ತಾದರೆ 420. ವಿ30 ಗುರುತಿರುವ ಮೆಮೊರಿ ಕಾರ್ಡು ಖಾತ್ರಿ ಕೊಡುವುದು ಸೆಕೆಂಡಿಗೆ 30 ಮೆಗಾಬೈಟ್ ಬರೆಯುವುದಕ್ಕಷ್ಟೇ. ಕಣದಲ್ಲಿ ರಾಶಿ ಬೀಳುವ ವೇಗಕ್ಕೆ ಚಕ್ಕಡಿ ಸಾಗಿಸಲಾರದು. ಉಳಿದದ್ದು ಬಫರ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಕಾಯುತ್ತದೆ. ಅದು ತುಂಬಿತೋ, ಕ್ಯಾಮೆರಾ ಕುಂಟುತ್ತದೆ. ಹಿಂಡು ಓಡತೊಡಗಿದ್ದೇ ತಡ ಬಟನ್ ಒತ್ತಿ ಹಿಡಿದವರಿಗೆ ಜಿಗಿತದ ಹೊತ್ತಿಗೆ ಚಿತ್ರವೇ ಸಿಗದಿರುವುದು ಇದರಿಂದಲೇ. ಒಂದೊಂದು ಸೆಕೆಂಡಿನ ತುಣುಕುಗಳಾಗಿ ತೆಗೆಯಬೇಕು. ಜೆಪೆಗ್ ಆರಿಸಿಕೊಂಡರೆ ಕಡತ ಚಿಕ್ಕದಾಗಿ ಬಫರ್ ಹೆಚ್ಚು ಹೊತ್ತು ತಾಳುತ್ತದೆ.

ಜಿಗಿತ ಬೇಕೆಂದು ಬೈಕಿನಲ್ಲಿ ಬೆನ್ನಟ್ಟುವುದು ಅಕ್ಷಮ್ಯ. 1972ರ ವನ್ಯಜೀವಿ ಕಾಯ್ದೆ ಚಿಗರಿಗೆ ರಕ್ಷಣೆ ಕೊಟ್ಟಿದೆ. ಮೇಲಾಗಿ ತುಳಿತಕ್ಕೆ ಸಿಗುವುದು ಯಾರದೋ ಕಡಲೆ ಹೊಲ. ಬದುವಿನ ಮರೆಯಲ್ಲಿ ಕೂತರೆ ಸಾಕು. ಅಪಾಯದ ಸುಳಿವು ಸಿಕ್ಕ ಒಂದು ಹೆಣ್ಣು ಚಿಗರಿ ಮೊದಲು ಚಿಮ್ಮುತ್ತದೆ, ಅದರ ಹಿಂದೆ ಉಳಿದವು ಒಂದೊಂದಾಗಿ ಚಿಮ್ಮುತ್ತವೆ. ಮೊದಲನೆಯದನ್ನು ಬಿಟ್ಟುಬಿಡಿ, ಅದರ ಹಿಂದಿನದರ ಮೇಲೆ ಫೋಕಸ್ ಇಟ್ಟು, ಅದು ಹಿಂಗಾಲು ಮಡಚಿದಾಗ ಬಟನ್ ಒತ್ತಿ.