ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್

ಗಾಲ್ಫ್ ಐರನ್ ಕೊಳ್ಳಲು ಹೋದಾಗ ಕಣ್ಣು ಮೊದಲು ಹೋಗುವುದು ತೆಳ್ಳಗೆ ಹೊಳೆಯುವ ಬ್ಲೇಡ್ ಕಡೆಗೆ. ಪಕ್ಕದಲ್ಲಿರುವ ದಪ್ಪ ತಲೆಯ ಕ್ಯಾವಿಟಿ ಬ್ಯಾಕ್ ನಮ್ಮ ಆಟದ ನಿಜಸ್ಥಿತಿಯನ್ನು ನೆನಪಿಸುತ್ತದೆ. ಅಂದ ಬೇಕೋ, ಆಸರೆ ಬೇಕೋ ಎಂಬ ಈ ಗೊಂದಲಕ್ಕೆ ಕೆಲವು ಹಳೆಯ ನಂಬಿಕೆಗಳೂ ಕಾರಣ.

ತಪ್ಪು ಕಲ್ಪನೆ: ಕ್ಯಾವಿಟಿ ಬ್ಯಾಕ್ ಹೊಸಬರಿಗೆ, ಬ್ಲೇಡ್ ಬಲ್ಲವರಿಗೆ.

ಸತ್ಯ: ಚೆಂಡು ಮುಖದ ನಡುವೆ ತಗುಲದೆ ಅಂಚಿಗೆ ತಗುಲಿದರೆ ಐರನ್ನಿನ ತಲೆ ತಿರುಚಿಕೊಳ್ಳುತ್ತದೆ. ದೂರ ಕುಗ್ಗುತ್ತದೆ, ದಿಕ್ಕು ತಪ್ಪುತ್ತದೆ. 1959ರಲ್ಲಿ ಪಿಂಗ್ ಕಂಪನಿ ಕಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್, ಹಿಂಬದಿಯ ನಡುವನ್ನು ಟೊಳ್ಳಾಗಿಸಿ ತಲೆಯ ಭಾರವನ್ನು ಅಂಚುಗಳಿಗೆ ಹಂಚುವ ಈ ಕ್ಯಾವಿಟಿ ಬ್ಯಾಕ್ ವಿನ್ಯಾಸವನ್ನು ಜನಪ್ರಿಯಗೊಳಿಸಿದರು. ಭಾರ ಹೊರಗಿದ್ದಷ್ಟೂ ತಿರುಚುವುದು ಕಷ್ಟ. ಹಗ್ಗದ ಮೇಲೆ ನಡೆಯುವ ದೊಂಬರು ಉದ್ದನೆಯ ಗಳು ಹಿಡಿಯುವುದರ ಹಿಂದೆಯೂ ಇದೇ ಲೆಕ್ಕವಿದೆ. ಹಾಗಾಗಿಯೇ ವೃತ್ತಿಪರರಲ್ಲೂ ಅನೇಕರ ಬ್ಯಾಗಿನಲ್ಲಿ ಕ್ಯಾವಿಟಿ ಬ್ಯಾಕ್ ಇರುತ್ತದೆ.

ತಪ್ಪು ಕಲ್ಪನೆ: ಫೋರ್ಜ್ಡ್ ಆದರೆ ಮೆತ್ತಗೆ, ಎರಕದ್ದಾದರೆ ಒರಟು.

ಸತ್ಯ: ಕಾಯಿಸಿ ಬಡಿದು ಮಾಡಿದ್ದೋ, ಅಚ್ಚಿಗೆ ಹೊಯ್ದದ್ದೋ ಎಂಬುದೊಂದರಿಂದಲೇ ಸ್ಪರ್ಶ ತೀರ್ಮಾನವಾಗುವುದಿಲ್ಲ. ಚೆಂಡು ತಗುಲುವ ಜಾಗದ ಹಿಂದೆ ಲೋಹ ಎಷ್ಟು ದಪ್ಪ, ಚೆಂಡು ಯಾವುದು ಎಂಬುದೂ ಮುಖ್ಯ. ‘ಕೈಗೆ ಹಿತವಾಯಿತು’ ಎನ್ನುವುದರಲ್ಲಿ ದೊಡ್ಡ ಪಾಲು ಕಿವಿಯದು. ‘ಟಣ್’ ಎಂದರೆ ಗಡಸು, ‘ಟಪ್’ ಎಂದರೆ ಮೆದು ಅನಿಸುತ್ತದೆ. ಇನ್ನು ಫೋರ್ಜ್ಡ್ ಕ್ಯಾವಿಟಿ ಬ್ಯಾಕ್‌ಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ತಪ್ಪು ಕಲ್ಪನೆ: ಒಳ್ಳೆಯ ಐರನ್ ಸ್ಲೈಸ್ ವಾಸಿ ಮಾಡುತ್ತದೆ.

ಸತ್ಯ: ಅದು ಹೊಟ್ಟೆಗೆ ಹಾಕಿಕೊಳ್ಳುವುದು ಅಂಚಿಗೆ ತಗುಲಿದ ಹೊಡೆತವನ್ನು. ತಳ (ಸೋಲ್) ಅಗಲವಾಗಿದ್ದರೆ, ಚೆಂಡಿಗಿಂತ ಮೊದಲೇ ನೆಲ ಕಚ್ಚಿದ ಹೊಡೆತವನ್ನೂ ಒಂದಿಷ್ಟು. ಮುಖ ತೆರೆದುಕೊಂಡೇ ಬಂದು ಚೆಂಡು ಪಕ್ಕಕ್ಕೆ ಬಾಗಿದರೆ (ಅದೇ ಸ್ಲೈಸ್) ಯಾವ ಐರನ್ನೂ ಕಾಪಾಡದು. ಅದಕ್ಕೆ ಸ್ವಿಂಗನ್ನೇ ತಿದ್ದಿಕೊಳ್ಳಬೇಕು.

ತಪ್ಪು ಕಲ್ಪನೆ: ಹೊಸ 7-ಐರನ್ ಹೆಚ್ಚು ದೂರ ಹೋಗುತ್ತದೆ, ಆದ್ದರಿಂದ ಅದೇ ಮೇಲು.

ಸತ್ಯ: ಹಿಂದೆ 7-ಐರನ್ನಿನ ಲಾಫ್ಟ್, ಅಂದರೆ ಮುಖದ ಓರೆ, ಸುಮಾರು 34–35 ಡಿಗ್ರಿ ಇರುತ್ತಿತ್ತು. ದೂರಕ್ಕೆಂದೇ ಮಾಡಿದ ಇಂದಿನ ಕೆಲವು ಸೆಟ್‌ಗಳಲ್ಲಿ ಅದು 30ಕ್ಕಿಂತ ಕಡಿಮೆ. ತೆಳು ಮುಖ ಚೆಂಡಿನ ವೇಗ ಹೆಚ್ಚಿಸಲು, ತಳಕ್ಕಿಳಿದ ಭಾರ ಅದನ್ನು ಎತ್ತಲು ನೆರವಾಗುವುದು ನಿಜ, ಆದರೆ ಲಾಫ್ಟ್ ಇಳಿದಷ್ಟೂ ದೂರ ಹೆಚ್ಚುವುದರಿಂದ ಇದರಲ್ಲಿ ಸಂಖ್ಯೆಯ ವೇಷವೂ ಇದೆ. ಪಿಚಿಂಗ್ ವೆಜ್‌ನ ಲಾಫ್ಟೂ ಇಳಿದಿರುವುದರಿಂದ ಅದರ ಕೆಳಗೆ ತೆರಪು ಬೀಳುತ್ತದೆ. ಅದನ್ನು ತುಂಬಲು ಇನ್ನೊಂದು ವೆಜ್ ಬೇಕು, ಆದರೆ ನಿಯಮದ ಪ್ರಕಾರ ಬ್ಯಾಗಿನಲ್ಲಿ ಜಾಗವಿರುವುದು 14 ಕ್ಲಬ್‌ಗಳಿಗೆ ಮಾತ್ರ.

ತಪ್ಪು ಕಲ್ಪನೆ: ಅಂದ, ಆಸರೆ ಎರಡೂ ಒಟ್ಟಿಗೆ ಸಿಗವು.

ಸತ್ಯ: ಮಿಶ್ರ ಸೆಟ್ ಇರುವುದೇ ಅದಕ್ಕೆ. ಹೊಡೆಯಲು ಕಷ್ಟವಾದ 4, 5, 6ರಲ್ಲಿ ಕ್ಯಾವಿಟಿ ಬ್ಯಾಕ್, ಹತ್ತಿರದ ಹೊಡೆತದ 8, 9ರಲ್ಲಿ ತೆಳುವಾದದ್ದು. ಎರಡು ಮಾದರಿ ಸೇರುವಲ್ಲಿ ಲಾಫ್ಟ್ ಅಂತರ ಸರಿಯಿದೆಯೇ ನೋಡಿಕೊಂಡರಾಯಿತು. ಚೆಂಡಿನ ಮುಂದೆ ನಿಂತು ತಲೆ ಬಗ್ಗಿಸಿದಾಗ ಕಾಣುವುದು ಐರನ್ನಿನ ಮೇಲಂಚು. ಅದು ಕಣ್ಣಿಗೆ ಒಪ್ಪಿದರೆ ಮನಸ್ಸು ನಿಲ್ಲುತ್ತದೆ, ಹಾಗಾಗಿ ಅಂದ ನೋಡುವುದು ಶೋಕಿಯಲ್ಲ.

ಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳಿ, ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರ್ ಬಳಿದು ಹತ್ತು ಹೊಡೆತ ಹೊಡೆಯಿರಿ. ಮುಖದ ಮೇಲಿನ ಕಲೆಗಳು ನಡುವೆ ಒಂದೇ ನಾಣ್ಯದಷ್ಟು ಜಾಗದಲ್ಲಿದ್ದರೆ ಬ್ಲೇಡ್ ಕಡೆ ಕೈ ಚಾಚಿ. ಹೀಲ್‌ನಿಂದ ಟೋವರೆಗೆ ರಂಗೋಲಿ ಚುಕ್ಕಿಯಂತೆ ಹರಡಿದ್ದರೆ, ಪಕ್ಕದ ದಪ್ಪ ತಲೆಯದನ್ನೇ ಎತ್ತಿಕೊಳ್ಳಿ.