ಹಳೆಯ ಬ್ರೌಸರಿನ ನಿವೃತ್ತಿಯೂ ಗುಮಾಸ್ತನ ಹೊಣೆಯೂ

ಮನುಷ್ಯರಿಗಿರುವಂತೆ ಯಂತ್ರಸಾಧನಗಳಿಗೂ ನಿವೃತ್ತಿಯ ದಿನವೊಂದುಂಟು. ಕಂಪ್ಯೂಟರಿನಲ್ಲಿ ಅಂತರ್ಜಾಲವನ್ನು ತೆರೆದು ತೋರಿಸುತ್ತಿದ್ದ ‘ಇಂಟರ್‌ನೆಟ್ ಎಕ್ಸ್‌ಪ್ಲೋರರ್’ ಎಂಬ ಬ್ರೌಸರು 1995ನೆಯ ಇಸವಿಯ ಆಗಸ್ಟಿನಲ್ಲಿ ಹುಟ್ಟಿ, 2022ನೆಯ ಇಸವಿಯ ಜೂನ್ 15ರಂದು ನಿವೃತ್ತಿ ಹೊಂದಿತು. 2023ರ ಫೆಬ್ರವರಿ 14ರಿಂದ ವಿಂಡೋಸ್ 10ರ ಬಹುತೇಕ ಆವೃತ್ತಿಗಳಲ್ಲಿ ಅದು ತೆರೆಯದಂತೆಯೇ ಮಾಡಲಾಯಿತು. ಕೂಕಟ್‌ಪಲ್ಲಿಯ ಕಚೇರಿಗಳಲ್ಲಿ ಲೆಕ್ಕ ಬರೆಯುವ, ಹೋಟೆಲುಗಳ ಗಲ್ಲಾದಲ್ಲಿ ಕೂರುವ ನಮ್ಮ ಬಂಧುಗಳಿಗೆ ಅದರ ನೀಲಿ ‘ಇ’ ಅಕ್ಷರದ ಗುರುತು ಹೊಸದೇನಲ್ಲ.

ಅದನ್ನು ಹೊರತಂದ ಮೈಕ್ರೋಸಾಫ್ಟ್ ಸಂಸ್ಥೆಯೂ ನಮಗೆ ದೂರದ್ದಲ್ಲ. 1998ರಿಂದ ಅದರ ಅಭಿವೃದ್ಧಿ ಕೇಂದ್ರವೊಂದು ಹೈದರಾಬಾದಿನಲ್ಲಿಯೇ ಇದೆ. 2014ರಲ್ಲಿ ಅದರ ಮುಖ್ಯಾಧಿಕಾರಿಯಾದ ಸತ್ಯ ನಾದೆಲ್ಲಾ ಅವರು ಈ ನಗರದಲ್ಲಿ ಜನಿಸಿ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದವರು. ಈ ನಿವೃತ್ತಿ ನಡೆದುದು ಅವರ ಅಧಿಕಾರಾವಧಿಯಲ್ಲಿಯೇ.

ಇಷ್ಟು ಕಾಲ ದುಡಿದುದನ್ನು ಬಿಡುವುದೇಕೆ ಎಂದು ವಾಚಕರು ಕೇಳಬಹುದು. ದೋಷಗಳನ್ನು ತಿದ್ದುವವರಿಲ್ಲದ ಬ್ರೌಸರು ಅಗುಳಿಯಿಲ್ಲದ ಬಾಗಿಲಿಗೆ ಸಮಾನ. 2010ರ ಜನವರಿಯಲ್ಲಿ, ಗೂಗಲ್ ಮೊದಲಾದ ಸಂಸ್ಥೆಗಳ ಮೇಲೆ ನಡೆದ ಕಳ್ಳದಾಳಿಗೆ ಎಕ್ಸ್‌ಪ್ಲೋರರಿನ ದೋಷವೊಂದೇ ದಾರಿ ಮಾಡಿಕೊಟ್ಟಿತೆಂದು ತಿಳಿದಾಗ, ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಸರ್ಕಾರಿ ಸಂಸ್ಥೆಗಳು ಬೇರೆ ಬ್ರೌಸರನ್ನು ಬಳಸುವಂತೆ ಜನರಿಗೆ ಸಲಹೆಯಿತ್ತವು.

ಆದರೂ ಕಚೇರಿಗಳು ಅದನ್ನು ಸುಲಭವಾಗಿ ಕೈಬಿಡಲಿಲ್ಲ. ಒಂದು ಕಾಲಕ್ಕೆ ಜಗತ್ತಿನ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬಳಸುತ್ತಿದ್ದ ಬ್ರೌಸರದು. ಅದೇ ಶಾಶ್ವತವೆಂದು ನಂಬಿ ಹಾಜರಿಪಟ್ಟಿ, ಸಂಬಳ, ಟೆಂಡರು, ಡಿಜಿಟಲ್ ಸಹಿ ಮುಂತಾದ ಕೆಲಸಗಳ ಎಷ್ಟೋ ತಂತ್ರಾಂಶಗಳನ್ನು ಅದಕ್ಕೆಂದೇ ರಚಿಸಿದ್ದರು. ಅದರೊಳಗೆ ಮಾತ್ರ ಓಡುವ ‘ಆಕ್ಟಿವ್‌ಎಕ್ಸ್’ ಎಂಬ ತಂತ್ರವೇ ಈ ಬಂಧನಕ್ಕೆ ಮುಖ್ಯ ಕಾರಣ. ದಕ್ಷಿಣ ಕೊರಿಯಾದಲ್ಲಿ ಬ್ಯಾಂಕು ಮತ್ತು ಸರ್ಕಾರದ ವ್ಯವಹಾರಗಳೆಲ್ಲ ದೀರ್ಘಕಾಲ ಇದಕ್ಕೇ ಕಟ್ಟುಬಿದ್ದಿದ್ದವು. ಅದು ನಿವೃತ್ತಿಯಾದಾಗ ಅಲ್ಲಿಯ ಇಂಜಿನಿಯರರೊಬ್ಬರು ಅದರ ಹೆಸರಿನಲ್ಲಿ ಸಮಾಧಿಯ ಕಲ್ಲನ್ನೇ ನೆಡಿಸಿದರು!

ಹೋಟೆಲಿನ ಅಡಿಗೆಮನೆಯಲ್ಲಿ ಸೌದೆಯ ಒಲೆಯನ್ನು ತೆಗೆದು ಗ್ಯಾಸ್ ಒಲೆ ಹೂಡುವ ಮುನ್ನ, ಯಾವ ಹಂಡೆ, ಯಾವ ಕಾವಲಿ ಹಳೆಯ ಒಲೆಯ ಮೇಲೆ ಮಾತ್ರ ಕೂರುತ್ತದೆಂದು ಮಾಲೀಕರು ಭಟ್ಟರನ್ನು ಕೇಳುತ್ತಾರೆ. ಕೇಳದೆ ಒಡೆದರೆ ಮರುದಿನದ ಬೆಳಗಿನ ತಿಂಡಿ ನಿಂತುಹೋಗುವುದು. ಕಚೇರಿಯ ನೀತಿಯೂ ಇದೇ ಆಗತಕ್ಕದ್ದು. ಯಾವ ಕೆಲಸ ಹಳೆಯ ಬ್ರೌಸರಿನಲ್ಲಿ ಮಾತ್ರ ನಡೆಯುತ್ತದೆಂಬುದನ್ನು ಬಲ್ಲವನು ಮೇಲಧಿಕಾರಿಯಲ್ಲ. ದಿನವೂ ಅದನ್ನು ತೆರೆದು ಕೂರುವ ಗುಮಾಸ್ತ.

ಇದರಲ್ಲಿ ಬಡ ನೌಕರನ ಹಿತವೂ ಅಡಗಿದೆ. ಭವಿಷ್ಯನಿಧಿಯ ಹಣವನ್ನು ಮಾಲೀಕರು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕಟ್ಟಬೇಕೆಂಬುದು ನಿಯಮ. ಆ ತಿಂಗಳ ಸಂಬಳದ ಲೆಕ್ಕ ಹಳೆಯ ತಂತ್ರಾಂಶದೊಳಗೆ ಸಿಕ್ಕಿಕೊಂಡಿತೆಂದರೆ, ದಂಡ ಬೀಳುವುದು ಮಾಲೀಕರ ಮೇಲೆ, ಬೈಗುಳು ಬೀಳುವುದು ಗುಮಾಸ್ತನ ಮೇಲೆ. ಹಣ ಜಮೆಯಾಗದೆ ಕಾಯುವವನು ಮಾತ್ರ ಮೇಜು ಒರೆಸುವ ಹುಡುಗ.

ಉಪಾಯವಿಲ್ಲದಿಲ್ಲ. ಹೊಸ ‘ಎಡ್ಜ್’ ಬ್ರೌಸರಿನೊಳಗೆ ಎಕ್ಸ್‌ಪ್ಲೋರರಿನಂತೆಯೇ ವರ್ತಿಸುವ ವ್ಯವಸ್ಥೆಯೊಂದನ್ನು ಇರಿಸಿದ್ದಾರೆ. ಸಂಸ್ಥೆಯವರು ತಮ್ಮ ಹಳೆಯ ತಾಣಗಳ ಪಟ್ಟಿಯೊಂದನ್ನು ಕೊಟ್ಟರೆ, ಆ ತಾಣಗಳು ಮಾತ್ರ ಹಳೆಯ ರೀತಿಯಲ್ಲಿ ತೆರೆಯುತ್ತವೆ. ಮಿಕ್ಕವೆಲ್ಲ ಹೊಸ ರೀತಿಯಲ್ಲಿ. ಕನಿಷ್ಠಪಕ್ಷ 2029ರವರೆಗೆ ಇದಕ್ಕೆ ಬೆಂಬಲವುಂಟೆಂದು ಸಂಸ್ಥೆ ತಿಳಿಸಿದೆ. ಇದು ದೊರೆತ ವಾಯಿದೆಯೇ ಹೊರತು ಮಾಫಿಯಲ್ಲ; ಅಷ್ಟರೊಳಗೆ ಹಳೆಯ ತಂತ್ರಾಂಶಗಳನ್ನು ಹೊಸದಾಗಿ ಬರೆಯಿಸಿಕೊಳ್ಳಲೇಬೇಕು.

ಆದಕಾರಣ ಗುಮಾಸ್ತ ಬಂಧುಗಳು ಹಳೆಯ ಬ್ರೌಸರಿನಲ್ಲಿ ಮಾತ್ರ ಆಗುವ ತಮ್ಮ ಕೆಲಸಗಳನ್ನೂ, ಅವು ತಿಂಗಳಿನ ಯಾವ ತಾರೀಖಿಗೆ ಬೀಳುತ್ತವೆಂಬುದನ್ನೂ ಒಂದು ಕಾಗದದಲ್ಲಿ ಬರೆದು ಮೇಲಿನವರಿಗೆ ಒಪ್ಪಿಸಲಿ. ಮೇಲಿನವರು ಆ ಕಾಗದವನ್ನು ಓದಿದ ಬಳಿಕವೇ ಬದಲಾವಣೆಯ ದಿನವನ್ನು ಗೊತ್ತುಮಾಡಲಿ. ಆ ದಿನ ತಿಂಗಳ 15ರ ಮುನ್ನಾದಿನವಾಗದಿರಲಿ.