ಕೆಮ್ಮಿನ ಮದ್ದೇ ಕೆಮ್ಮಾದಾಗ

2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48ಕ್ಕೂ ಹೆಚ್ಚಿತ್ತು. ಅದಾದ ಮೇಲೆ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಸಲಹೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂಬುದು ಅದರ ಸಾರ. ಸರಿಯಾದ ಮಾತು, ತಡವಾಗಿ ಬಂದ ಮಾತು.

ಆದರೆ ರಾತ್ರಿಯಿಡೀ ಕೆಮ್ಮುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿಯ ಕೈ ಸುಮ್ಮನಿರುವುದಿಲ್ಲ. ಸಿರಪ್ ಬೇಡ ಎಂದರೆ ಬೇರೇನು ಎಂಬ ಪ್ರಶ್ನೆ ಹುಟ್ಟುತ್ತದೆ, ಅದಕ್ಕೆ ಉತ್ತರ ಪಕ್ಕದ ಮನೆಯಿಂದಲೂ ಬರುತ್ತದೆ, ಮೊಬೈಲಿನಿಂದಲೂ ಬರುತ್ತದೆ: ಮೂಗಿಗೆ ಎರಡು ಹನಿ ಎಣ್ಣೆ, ಎದೆಗೆ ಕರ್ಪೂರ, ನಾಲಿಗೆಗೆ ಬಜೆ ತೇಯ್ದ ಜೇನು, ತೊಟ್ಟಿಲ ಕೆಳಗೆ ಸಾಂಬ್ರಾಣಿ. ಇವೆಲ್ಲ ‘ನೈಸರ್ಗಿಕ’, ‘ಅಡ್ಡಪರಿಣಾಮ ಇಲ್ಲ’ ಎಂಬ ನಂಬಿಕೆ ಗಟ್ಟಿಯಾಗಿದೆ. ನನ್ನ ಆತಂಕ ಇರುವುದು ಇಲ್ಲೇ. ಇವುಗಳಲ್ಲಿ ಕೆಲವು, ಯಾವ ಕಾಯಿಲೆಗೆಂದು ಕೊಡುತ್ತೇವೋ ಅದೇ ಕಾಯಿಲೆಯನ್ನು ತಂದಿಡುತ್ತವೆ. ಸಿರಪ್‌ಗೆ ಹೆದರಿದ ಮನೆಗಳಲ್ಲಿ ಮುಂದಿನ ಮಳೆಗಾಲ, ಮುಂದಿನ ಚಳಿಗಾಲದಲ್ಲಿ ಇವುಗಳ ಬಳಕೆ ಹೆಚ್ಚುವ ಸಂಭವವೇ ಹೆಚ್ಚು.

ಎಣ್ಣೆಯಿಂದ ಶುರು ಮಾಡೋಣ. ಹಸುಗೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದದ್ದು. ಮೈಗೆ ಹಚ್ಚುವುದರಿಂದ ತೊಂದರೆಯಿಲ್ಲ, ಮಗುವಿಗೆ ಅದು ಹಿತವೇ. ತೊಂದರೆ ಬರುವುದು ಅದೇ ಎಣ್ಣೆಯನ್ನು ಮೂಗು ಕಟ್ಟಿದೆ ಎಂದು ಹೊಳ್ಳೆಗೆ ಬಿಟ್ಟಾಗ ಅಥವಾ ಊದಿದಾಗ. ಒಂದು ಹನಿ ನೀರು ಶ್ವಾಸನಾಳಕ್ಕೆ ಇಳಿದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಹಾಗಲ್ಲ. ಅದು ಗಂಟಲನ್ನು ಕೆರಳಿಸುವುದಿಲ್ಲ, ಕೆಮ್ಮು ಎಬ್ಬಿಸದೆ ಸದ್ದಿಲ್ಲದೆ ಜಾರಿ ಶ್ವಾಸಕೋಶದ ಗಾಳಿಗೂಡುಗಳ ತನಕ ಹೋಗುತ್ತದೆ. ಅಲ್ಲಿ ಕಸ ಗುಡಿಸುವ ರಕ್ಷಕ ಕೋಶಗಳು ಎಣ್ಣೆಯನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಸುತ್ತಲಿನ ಅಂಗಾಂಶ ಊದಿಕೊಳ್ಳುತ್ತದೆ, ದಿನ ಕಳೆದಂತೆ ಗಡುಸಾಗುತ್ತದೆ. ವೈದ್ಯರು ಇದನ್ನು ಲಿಪಾಯ್ಡ್ ನ್ಯುಮೋನಿಯಾ ಎನ್ನುತ್ತಾರೆ. ದಕ್ಷಿಣ ಭಾರತದ ಮಕ್ಕಳಲ್ಲಿ ಇದು ಕಂಡುಬಂದ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ 1973ರಲ್ಲೇ ವರದಿ ಪ್ರಕಟಿಸಿತ್ತು. ಐವತ್ತು ವರ್ಷ ದಾಟಿದೆ, ಎಣ್ಣೆ ಬಟ್ಟಲು ಮಾತ್ರ ಇನ್ನೂ ಅಲ್ಲೇ ಇದೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ರೋಗ ಸುತ್ತುವ ಸುತ್ತು. ಎಣ್ಣೆ ಇಳಿದ ಮಗು ವಾರಗಟ್ಟಲೆ ಕೆಮ್ಮುತ್ತದೆ, ಉಸಿರು ಬೇಗಬೇಗ ಎಳೆಯುತ್ತದೆ. ಎಕ್ಸ್‌ರೇ ತೆಗೆದರೆ ಮಾಮೂಲಿ ನ್ಯುಮೋನಿಯಾದಂತೆಯೇ ಕಾಣುತ್ತದೆ. ಆ್ಯಂಟಿಬಯೋಟಿಕ್ ಶುರುವಾಗುತ್ತದೆ. ಅದು ಕೊಲ್ಲಬಲ್ಲ ಬ್ಯಾಕ್ಟೀರಿಯಾ ಅಲ್ಲಿಲ್ಲವಾದ್ದರಿಂದ ಗುಣ ಕಾಣುವುದಿಲ್ಲ. ‘ಈ ಮಗುವಿಗೆ ಕಫದ ಮೈ, ಪದೇ ಪದೇ ಆಗುತ್ತೆ’ ಎಂಬ ತೀರ್ಮಾನ ಮನೆಯಲ್ಲಿ ಆಗಿಹೋಗುತ್ತದೆ, ಕಫ ಇಳಿಯಲಿ ಎಂದು ಮತ್ತೆರಡು ಹನಿ ಎಣ್ಣೆ ಬೀಳುತ್ತದೆ. ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿಲ್ಲ. ಈ ಸುತ್ತನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೆ.

ಕರ್ಪೂರದ ಕಥೆ ಬೇರೆ, ಅದು ಬೇಗ ಮುಗಿಯುವ ಕಥೆ. ಪೂಜೆಯ ಬಿಲ್ಲೆ ಕರ್ಪೂರ ಬಿಳಿ ಮಿಠಾಯಿಯಂತೆ ಕಾಣುತ್ತದೆ. ಅಂಬೆಗಾಲಿಡುವ ಮಗು ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡರೆ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಅರ್ಧ ಗ್ರಾಂನಿಂದ ಒಂದು ಗ್ರಾಂನಷ್ಟು ಕರ್ಪೂರ ಪುಟ್ಟ ಮಕ್ಕಳ ಜೀವ ತೆಗೆದ ಉದಾಹರಣೆಗಳಿವೆ. ಚರ್ಮದ ಮೂಲಕವೂ ಅದು ಒಳಹೋಗುತ್ತದೆ. ಅಮೆರಿಕದಲ್ಲಿ 1980ರ ದಶಕದಿಂದ ಔಷಧಗಳಲ್ಲಿ ಕರ್ಪೂರ ಶೇ 11 ಮೀರುವಂತಿಲ್ಲ. ನಮ್ಮಲ್ಲಿ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎಳೆಮಗುವಿನ ಎದೆಗೆ ತಿಕ್ಕುವಾಗ ಅಳತೆ ಕೇಳುವವರಿಲ್ಲ. ನೀಲಗಿರಿ ಎಣ್ಣೆಯೂ ಇದೇ ಗುಂಪಿನದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಆಸ್ಪತ್ರೆಗಳು ಸೇರಿ ನಾಲ್ಕು ವರ್ಷ ನಡೆಸಿದ ಅಧ್ಯಯನದಲ್ಲಿ, ಫಿಟ್ಸ್ ಎಂದು ಬಂದ 350 ವಯಸ್ಕರ ಪೈಕಿ 55 ಮಂದಿಯಲ್ಲಿ ಕರ್ಪೂರ, ನೀಲಗಿರಿಯಂಥ ಎಣ್ಣೆ ಮತ್ತು ಬಾಮುಗಳ ನಂಟು ಕಂಡುಬಂತು. ಬಲಿತ ಮೆದುಳಿಗೇ ಹೀಗಾದರೆ ಆರು ಕೆಜಿ ತೂಕದ ಕೂಸಿನ ಪಾಡೇನು? ಅಂಗಡಿಯ ಬಾಮು ಡಬ್ಬಿಯ ಮೇಲೂ ಎರಡು ವರ್ಷದೊಳಗಿನವರಿಗೆ ಬೇಡ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಓದುವವರು ಕಡಿಮೆ.

ಬಜೆಯಲ್ಲಿ ಬೀಟಾ ಆಸರೋನ್ ಎಂಬ ರಾಸಾಯನಿಕವಿದೆ. ಇಲಿಗಳಲ್ಲಿ ಅದು ಗಡ್ಡೆ ಬೆಳೆಸಿತೆಂಬ ಕಾರಣಕ್ಕೆ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಿಂದ ಹೊರಗಿಟ್ಟಿತು. ಅದನ್ನು ತೇಯುವ ಜೇನಿನ ಅಪಾಯ ಇನ್ನೂ ನೇರ. ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಕೂಸು ಹಾಲು ಚೀಪಲಾರದಷ್ಟು, ಕೊನೆಗೆ ಉಸಿರಾಡಲಾರದಷ್ಟು ಸೋಲುತ್ತದೆ. ಮನೆಯಲ್ಲಿ ಕುದಿಸಿದರೆ ಆ ಬೀಜಕಗಳು ಸಾಯುವುದಿಲ್ಲ. ಪುಷ್ಯ ನಕ್ಷತ್ರದ ದಿನ, ಮಗುವಿನ ಬಾಯಿಗೆ ಚಿನ್ನದ ಭಸ್ಮದ ಹನಿ ಹಾಕಿಸುವ ಸುವರ್ಣಪ್ರಾಶನಕ್ಕೆ ಸಾಲು ನಿಲ್ಲುವ ತಂದೆತಾಯಿಯರು ಒಂದು ವಿಷಯ ಗಮನಿಸಬೇಕು: ಆ ಹನಿ ಸಾಮಾನ್ಯವಾಗಿ ಜೇನುತುಪ್ಪ, ತುಪ್ಪದಲ್ಲಿಯೇ ಕಲಸಿರುತ್ತದೆ. ವರ್ಷ ತುಂಬದ ಕೂಸಿಗೆ ಅದರಲ್ಲಿನ ಚಿನ್ನದ ವಾದಕ್ಕಿಂತ ಮೊದಲು ಜೇನಿನ ಪ್ರಶ್ನೆ ಬರುತ್ತದೆ.

ಹೊಗೆಯ ಬಗ್ಗೆ ತುಸು ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ಒಂದು ದಿನದ ಮಾತಲ್ಲ, ನಿತ್ಯದ್ದು. ನೀರೆರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಂಕಾಳು ಹಾಕಿ ಆ ಹೊಗೆಯ ಮೇಲೆ ಮಗುವನ್ನು ಹಿಡಿಯುತ್ತಾರೆ. ತೇವ ಆರಲಿ, ಶೀತ ಆಗದಿರಲಿ ಎಂಬುದು ಉದ್ದೇಶ. ಆದರೆ ಉರಿದ ಒಂದು ಗ್ರಾಂ ಧೂಪ ಸುಮಾರು 45 ಮಿಲಿಗ್ರಾಂ ಕಣಗಳನ್ನು ಉಗುಳುತ್ತದೆ. ಸಿಗರೇಟಿನ ಲೆಕ್ಕ ಗ್ರಾಂಗೆ ಸುಮಾರು 10 ಮಿಲಿಗ್ರಾಂ. ಸಂಜೆ ಅದೇ ಕೋಣೆಯ ಬಾಗಿಲು ಮುಚ್ಚಿ ಹಚ್ಚುವ ಸೊಳ್ಳೆ ಬತ್ತಿಯನ್ನೂ ಸೇರಿಸಿ. 2003ರ ಒಂದು ಅಧ್ಯಯನದ ಪ್ರಕಾರ ಒಂದೇ ಸುರುಳಿ ಉರಿದು ಮುಗಿಯುವ ಹೊತ್ತಿಗೆ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲೆ ತಳ್ಳುವ ಕೂದಲಿನಂಥ ಎಳೆಗಳಿವೆ. ಹೊಗೆ ಮೊದಲು ಸೋಲಿಸುವುದು ಅವನ್ನೇ. ಅವು ಸೋತರೆ ವೈರಸ್ ಒಳಗೇ ಉಳಿಯುತ್ತದೆ, ಕಫವೂ ಉಳಿಯುತ್ತದೆ.

ಮನೆಯ ಹೊಗೆ ತಗ್ಗಿಸಲು ಸೌದೆ ಒಲೆಯ ಬದಲು ಗ್ಯಾಸ್ ಕೊಟ್ಟರೆ ಸಾಕೇ? ಭಾರತದ ತಮಿಳುನಾಡನ್ನೂ ಒಳಗೊಂಡು ನಾಲ್ಕು ದೇಶಗಳಲ್ಲಿ ಸುಮಾರು 3,200 ಗರ್ಭಿಣಿಯರ ಮನೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಗ್ಯಾಸ್ ಒಲೆ ಪಡೆದ ಮನೆಗಳ ಕೂಸುಗಳಲ್ಲಿ ತೀವ್ರ ನ್ಯುಮೋನಿಯಾ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ನನಗನ್ನಿಸುವುದು, ಹೊಗೆಯ ಮೂಲ ಒಂದೇ ಅಲ್ಲದಿರುವಾಗ ಒಂದನ್ನು ಮಾತ್ರ ತೆಗೆದರೆ ಸಾಲದು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಾಣಂತಿ ಕೋಣೆಯಲ್ಲಿ ಕೆಂಡ ಇದ್ದೇ ಇದೆ, ಪಡಸಾಲೆಯಲ್ಲಿ ಬೀಡಿ ಇದೆ, ಬಾಗಿಲಲ್ಲಿ ಕಸ ಸುಡುವ ಹೊಗೆ ಇದೆ.

ಹಾಗಾದರೆ ನಿಜಕ್ಕೂ ಸಹಾಯ ಮಾಡುವಂಥದ್ದು ಮನೆಯಲ್ಲಿ ಏನೂ ಇಲ್ಲವೇ? ಇದೆ. ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನು ರಾತ್ರಿಯ ಕೆಮ್ಮನ್ನು ತಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಪ್ರಯೋಗಗಳ ಬೆಂಬಲವಿದೆ. ಮೂಗು ಕಟ್ಟಿದ್ದಕ್ಕೆ ಎಣ್ಣೆಯ ಜಾಗದಲ್ಲಿ ಉಪ್ಪುನೀರಿನ ಹನಿ ಬಿಡಬಹುದು, ಔಷಧದಂಗಡಿಯಲ್ಲಿ ಸಲೈನ್ ಹನಿ ಎಂದು ಅಗ್ಗಕ್ಕೆ ಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಆರು ವರ್ಷದವರೆಗಿನ 400ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಇಂಥ ಹನಿ ಪಡೆದವರ ನೆಗಡಿ ಎಂಟು ದಿನದ ಬದಲು ಆರು ದಿನಕ್ಕೆ ಮುಗಿಯಿತು, ಮನೆಮಂದಿಗೆ ಅಂಟಿದ್ದೂ ಕಡಿಮೆ. ಕರಾಚಿಯ ಕೊಳೆಗೇರಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕಿಂತ ದೊಡ್ಡ ಮಾತು ಹೇಳುತ್ತದೆ: ಸೋಪು ಕೊಟ್ಟು ಕೈ ತೊಳೆಯಲು ಕಲಿಸಿದ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕಿಳಿಯಿತು. ಮೊದಲ ಆರು ತಿಂಗಳು ತಾಯಿಹಾಲು ಮಾತ್ರ ಕೊಡುವುದಕ್ಕಂತೂ ಸಮನಾದ ಮದ್ದಿಲ್ಲ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ ಹಾಗೆ ಕುಡಿಯುತ್ತಿದ್ದ ಕೂಸುಗಳು ದೇಶದಲ್ಲಿ ಶೇ 63.7 ಮಾತ್ರ. ಬಿಸಿನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಹಿಡಿಯುವುದರಿಂದ ಲಾಭ ಸಾಬೀತಾಗಿಲ್ಲ, ಸುಟ್ಟ ಗಾಯ ಮಾತ್ರ ನಿಜ.

ಕಾಯುವುದೂ ಒಂದು ಉಪಚಾರವೇ. ಮಾಮೂಲಿ ನೆಗಡಿ ತರುವ ರೈನೋವೈರಸ್‌ನಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಪ್ರತಿಯೊಂದನ್ನೂ ಮಗುವಿನ ಮೈ ಒಂದೊಂದಾಗಿ ಪರಿಚಯ ಮಾಡಿಕೊಳ್ಳಬೇಕು. ವರ್ಷಕ್ಕೆ ಆರರಿಂದ ಎಂಟು ಸಲ, ಅಂಗನವಾಡಿಗೋ ಬೇಬಿ ಸಿಟ್ಟಿಂಗಿಗೋ ಹೋಗುವ ಮಗುವಿಗೆ ಇನ್ನೂ ಹೆಚ್ಚು ಸಲ ನೆಗಡಿಯಾಗುವುದು ಸಹಜ. ಕೆಮ್ಮು ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಪೂರ್ತಿ ಹೋಗಲು 25 ದಿನದವರೆಗೆ ಹಿಡಿಯುತ್ತದೆ. ಈ ಒಂದು ಅಂಕಿ ತಾಯಂದಿರಿಗೆ ಗೊತ್ತಿದ್ದರೆ ಹತ್ತನೇ ದಿನಕ್ಕೆ ಆ್ಯಂಟಿಬಯೋಟಿಕ್ ಕೇಳುವುದೂ, ಹನ್ನೊಂದನೇ ದಿನಕ್ಕೆ ಕರ್ಪೂರ ಅರೆಯುವುದೂ ಎಷ್ಟೋ ತಪ್ಪುತ್ತದೆ.

ಕಾಯಬಾರದ ಹೊತ್ತೂ ಇದೆ. ಅಂಗಿ ಎತ್ತಿ, ಮಗು ಅಳದೆ ಇರುವಾಗ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆಗೆ ಹೊರಡಬೇಕು. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಮಗು ಹಾಲು ಬಿಟ್ಟರೆ, ಮಂಕಾದರೆ ಎಣಿಕೆಯೂ ಬೇಡ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೆ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆದ, ತೂಕ ಏರದ ಮಗುವಿನಲ್ಲಿ ಕ್ಷಯ, ಆಸ್ತಮಾ, ರೋಗನಿರೋಧಕ ಶಕ್ತಿಯ ಹುಟ್ಟು ಕೊರತೆಗಳನ್ನು ಹುಡುಕಬೇಕಾಗುತ್ತದೆ. ಜಗತ್ತಿನಾದ್ಯಂತ ಐದು ವರ್ಷದೊಳಗಿನ 7 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು 2019ರಲ್ಲಿ ನ್ಯುಮೋನಿಯಾ ಕೊಂದಿತು. ಇದರ ಮುಖ್ಯ ಬ್ಯಾಕ್ಟೀರಿಯಾಗಳಲ್ಲೊಂದಾದ ನ್ಯುಮೋಕಾಕಸ್ ವಿರುದ್ಧದ ಲಸಿಕೆ 2021ರಿಂದ ನಮ್ಮ ದೇಶದ ಎಲ್ಲ ಸರ್ಕಾರಿ ಕೇಂದ್ರಗಳಲ್ಲಿ ಒಂದೂವರೆ, ಮೂರೂವರೆ, ಒಂಬತ್ತು ತಿಂಗಳಿಗೆ ಉಚಿತ.

ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೂರನೇ ದಿನದಿಂದ ನಲವತ್ತೆರಡನೇ ದಿನದ ತನಕ ಆರು ಸಲ ಬರುತ್ತಾರೆ. ತೂಕ ನೋಡುತ್ತಾರೆ, ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾರೆ. ಅದೇ ಭೇಟಿಯಲ್ಲಿ, ಮನೆಯ ಹಿರಿಯ ಹೆಂಗಸರನ್ನೂ ಕೂರಿಸಿಕೊಂಡು, ಮೂಗಿಗೆ ಏನು ಬಿಡುತ್ತೀರಿ, ಹೊಗೆ ಎಲ್ಲಿ ಹಾಕುತ್ತೀರಿ, ಕರ್ಪೂರ ಎಲ್ಲಿಟ್ಟಿದ್ದೀರಿ ಎಂದು ಗದರದೆ ಕೇಳುವಂತಾಗಬೇಕು, ಅದಕ್ಕೆ ಅವರ ನಮೂನೆಯಲ್ಲಿ ಜಾಗ ಕೊಡಬೇಕು. ಎರಡು ಕೋರ್ಸ್ ಆ್ಯಂಟಿಬಯೋಟಿಕ್ ಆದರೂ ಎಕ್ಸ್‌ರೇ ತಿಳಿಯಾಗದ ಕೂಸಿನ ತಾಯಿಗೆ ಮಕ್ಕಳ ವೈದ್ಯರು, ಮೂರನೇ ಕೋರ್ಸ್ ಬರೆಯುವ ಮೊದಲು, ಎಣ್ಣೆಯ ಪ್ರಶ್ನೆಯನ್ನು ಕೇಳಲೇಬೇಕು.